ಎರಡನೆಯ ಒತ್ತು

"ಇನ್ನೊಂದು ಸಲ ಒತ್ತಿ ಅಮ್ಮ. ಭಯಪಡಬೇಡಿ, ಇದು ಬರೀ ಪರೀಕ್ಷೆ ಅಂತ ಕಂಪನಿಯವರಿಗೆ ಮೊದಲೇ ಹೇಳಿದೀನಿ," ಎಂದಳು ಧಾರಿಣಿ.

ಸೀತಮ್ಮ ತಮ್ಮ ಫೋನಿನ ಮೇಲೆ ಬೆರಳಿಟ್ಟರು. ಕೆಂಪು ಗುಂಡಿ ಮುಳುಗಿ ಎದ್ದಿತು. ಮರುಕ್ಷಣವೇ ಇಡೀ ಪರದೆಯ ಮೇಲೆ ಬೂದು ಬಣ್ಣದ ಮುಸುಕು ಬಿತ್ತು. ಅದರ ನಡುವೆ, ದಯವಿಟ್ಟು ಕಾಯಿರಿ ಎಂಬ ಹಿಂದಿ ಅಕ್ಷರಗಳು.

"ಈಗ ಮತ್ತೆ ಒತ್ತಿ. ಎಷ್ಟು ಸಲ ಬೇಕಾದ್ರೂ ಒತ್ತಿ."

ಸೀತಮ್ಮ ಒತ್ತಿದರು. ಏನೂ ಆಗಲಿಲ್ಲ. ಮುಸುಕು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. "ನಮಸ್ತೆ ಮಾತಾಜೀ, ಸುನೋಜೀ ಸೇ ಬೋಲ್ ರಹೀ ಹೂಂ. ಆಪ್ ಠೀಕ್ ಹೈಂ?" ಎಂದು ಹುಡುಗಿಯೊಬ್ಬಳ ದನಿ ಕೇಳಿತು. ಹುಷಾರಾಗಿದ್ದೇನೆ, ಪರೀಕ್ಷೆ ಮುಗಿಯಿತು ಎಂದು ಸೀತಮ್ಮ ತಮಗೆ ಬರುವ ಹಿಂದಿಯಲ್ಲಿ ಹೇಳಿ ಫೋನಿಟ್ಟರು.

ಒಂಟಿ ಹಿರಿಯರಿಗಾಗಿ ಇರುವ ಆ್ಯಪ್ ಅದು, 'ಸುನೋಜೀ'. ಗುಂಡಿ ಒತ್ತಿದರೆ ನೋಯ್ಡಾದ ಕೇಂದ್ರದಿಂದ ಕರೆ ಬರುತ್ತದೆ. ಎತ್ತದಿದ್ದರೆ ಆಂಬುಲೆನ್ಸ್ ಹೊರಡುತ್ತದೆ. ಆದರೆ ಕಳೆದ ತಿಂಗಳು ಈ ಜನಕಪುರಿಯ ಮನೆಯಲ್ಲಿ ಸೀತಮ್ಮನವರ ಗಂಡ ಅನಂತರಾಮರು ನೆಲಕ್ಕೆ ಬಿದ್ದು ಗುಂಡಿ ಒತ್ತಿದಾಗ ಯಾವ ಕರೆಯೂ ಬರಲಿಲ್ಲ. ಸಹಾಯದ ಕೋರಿಕೆ ಹೋಗಿತ್ತು, ಕೂಡಲೇ ಅದೇ ಫೋನಿನಿಂದ ರದ್ದಾಗಿತ್ತು. ಆ ಬೆಳಿಗ್ಗೆ ಸೀತಮ್ಮ ದೇವಸ್ಥಾನದಲ್ಲಿದ್ದರು, ಮಗ ಆಫೀಸಿನಲ್ಲಿದ್ದ. ಮನೆಯಲ್ಲಿದ್ದವಳು ಸೊಸೆ ಹರಿಣಿ ಒಬ್ಬಳೇ.

ಹಾಗಾಗಿ ಆ ಮನೆಯಲ್ಲಿ ಹರಿಣಿಯ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಖಾಸಗಿ ಪತ್ತೇದಾರಿಣಿ ಧಾರಿಣಿಯನ್ನು ಹುಡುಕಿಕೊಂಡು ಹೋದವಳೂ ಅವಳೇ.

"ಇದರಿಂದ ಏನು ಗೊತ್ತಾಯ್ತು ಮೇಡಂ?" ಎಂದ ಸುದರ್ಶನ್. ಅನಂತರಾಮರ ಒಬ್ಬನೇ ಮಗ ಅವನು. ಗೋಡೆಗೆ ಒರಗಿ, ಕೈ ಕಟ್ಟಿ ನಿಂತಿದ್ದ. "ಅಮ್ಮನ ಫೋನು ಸರಿಯಾಗಿದೆ. ಅಪ್ಪನ ಫೋನೂ ಸರಿಯಾಗಿತ್ತು. ಕಂಪನಿಯವರೇ ಹೇಳಿದಾರಲ್ಲ, ಯಾರೋ ರದ್ದು ಮಾಡಿದ್ರು ಅಂತ. ಅಪ್ಪ ಸಾಯೋ ಹೊತ್ತಲ್ಲಿ ತಾವೇ ಸಹಾಯ ಬೇಡ ಅಂತಾರಾ?"

ಹರಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾನು ತಾರಸಿ ಮೇಲೆ ರಜಾಯಿ ಒಣಗಿಸ್ತಿದ್ದೆ," ಎಂದಳು. ಆ ಮಾತನ್ನು ಹೇಳಿ ಹೇಳಿ ಅವಳ ದನಿ ಸವೆದುಹೋಗಿತ್ತು.

ಧಾರಿಣಿ ಚೀಲದಿಂದ ಇನ್ನೊಂದು ಫೋನ್ ತೆಗೆದಳು. ಪೊಲೀಸರು ಹಿಂದಕ್ಕೆ ಕೊಟ್ಟಿದ್ದ ಅನಂತರಾಮರ ಫೋನು. ಚಾರ್ಜ್ ಮಾಡಿ ತಂದಿದ್ದಳು. ಅವರ ಖಾತೆಯನ್ನು ಕಂಪನಿ ಇನ್ನೂ ಮುಚ್ಚಿರಲಿಲ್ಲ.

ಎರಡೂ ಫೋನುಗಳನ್ನು ಟೀಪಾಯಿಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ಅದೇ ಆ್ಯಪ್, ಅದೇ ಕೆಂಪು. ಆದರೆ ಸೀತಮ್ಮನವರದರಲ್ಲಿ ಗುಂಡಿ ಚೌಕ, ಅನಂತರಾಮರದರಲ್ಲಿ ದುಂಡು.

ನಿನ್ನೆ ಸಂಜೆ ಅದನ್ನು ಕಂಡಾಗಿನಿಂದ ಅವಳ ಮನಸ್ಸು ಅಲ್ಲೇ ಸಿಕ್ಕಿಕೊಂಡಿತ್ತು.

"ಹರಿಣಿ, ಮಾವ ಹೇಗೆ ಒತ್ತುತ್ತಿದ್ರೋ ಹಾಗೆ ಇದನ್ನ ಒತ್ತಿ ತೋರಿಸ್ತೀರಾ?"

"ಬೇಡ ಮೇಡಂ." ಹರಿಣಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು. "ಆ ಫೋನ್ ನಾನು ಮುಟ್ಟಲ್ಲ. ಆಮೇಲೆ ಅದಕ್ಕೂ ನನ್ನೇ ಅಂತಾರೆ."

"ಇಲ್ಲಿ ಕೊಡಿ," ಎಂದರು ಸೀತಮ್ಮ. "ಆ ಕೈ ನಂಗೆ ಗೊತ್ತು."

ಅನಂತರಾಮರಿಗೆ ಕೈ ನಡುಗುವ ಕಾಯಿಲೆ ಇತ್ತು. ಕೊನೆಕೊನೆಗೆ ಕಾಫಿ ಲೋಟವನ್ನೂ ಹೆಂಡತಿಯೇ ಹಿಡಿಯಬೇಕಾಗಿತ್ತು. ಸೀತಮ್ಮ ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯ ಬೆರಳನ್ನು ಚಾಚಿದರು. ಆ ಬೆರಳು ಮೆಲ್ಲಗೆ ನಡುಗತೊಡಗಿತು. ಅನುಕರಣೆಯೋ ನಿಜವೋ ತಿಳಿಯುವಂತಿರಲಿಲ್ಲ.

ಬೆರಳು ಗುಂಡಿಯನ್ನು ತಾಕಿತು. ಪುಟಿದು ಮತ್ತೆ ತಾಕಿತು.

ಬೂದು ಮುಸುಕು ಬೀಳಲಿಲ್ಲ. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚಕ್ರ ಸುತ್ತಿ ಮಾಯವಾಯಿತು. ಅಡಿಯಲ್ಲಿ ಸಣ್ಣ ಅಕ್ಷರದ ಸಾಲೊಂದು ಮೂಡಿ ಅಳಿಸಿಹೋಯಿತು: ನಿಮ್ಮ ಕೋರಿಕೆ ರದ್ದಾಗಿದೆ.

ಎಲ್ಲರೂ ಕಾದರು. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಮೂಲಂಗಿ ಎಂದು ಕೂಗುತ್ತಾ ಹೋದ. ಫೋನು ರಿಂಗಾಗಲಿಲ್ಲ.

"ಮೊದಲನೇ ಸಲ ತಾಕಿದಾಗ ಕರೆ ಹೋಯ್ತು," ಧಾರಿಣಿ ನಿಧಾನವಾಗಿ ಹೇಳಿದಳು. "ಎರಡನೇ ಸಲ ತಾಕಿದಾಗ ಅದೇ ಗುಂಡಿ ಕರೆಯನ್ನ ರದ್ದು ಮಾಡ್ತು. ನಿಮ್ಮ ಯಜಮಾನರ ಕೈಲಿ ಒಂದೇ ಸಲ ಒತ್ತೋಕೆ ಆಗ್ತಿರಲಿಲ್ಲ. ಅವರ ಕರೆಯನ್ನ ಬೇರೆ ಯಾರೂ ರದ್ದು ಮಾಡಿಲ್ಲ ಅಮ್ಮ."

ಹರಿಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹಾಗೇ ಕೆಳಗೆ ಕುಳಿತಳು. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಉಸಿರಾಡುತ್ತಿದ್ದಳು.

ಸುದರ್ಶನ್ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ತಪ್ಪು ಹೊರಿಸಿದವನಿಗೆ ಈಗ ಹೆಂಡತಿಯ ಮುಖ ನೋಡಲು ಆಗುತ್ತಿಲ್ಲ ಎಂದುಕೊಂಡಳು ಧಾರಿಣಿ.

ಸೀತಮ್ಮ ಮಾತ್ರ ಫೋನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಬಾಲ್ಕನಿಯಲ್ಲಿದ್ದ ಮಗನ ಬೆನ್ನನ್ನೇ ಬಹಳ ಹೊತ್ತು ನೋಡುತ್ತಿದ್ದರು.

* * *

ನೋಯ್ಡಾ ಕಡೆಗಿನ ಮೆಟ್ರೋದಲ್ಲಿ ಧಾರಿಣಿಗೆ ಕೂರಲು ಜಾಗ ಸಿಕ್ಕಿತು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು ಅವಳು. ವಿಮಾ ಕಂಪನಿಗಳ ಪರವಾಗಿ ಸಾವುಗಳನ್ನು ವಿಚಾರಿಸುತ್ತಾ ಅರ್ಧ ಆಯುಷ್ಯ ಕಳೆದಿದ್ದಳು. ಕೆಲವು ಸಾವುಗಳಿಗೆ ಕಾರಣ ಸಿಕ್ಕ ಮೇಲೂ ಏನೋ ಬಾಕಿ ಉಳಿದಂತೆ ಅನಿಸುತ್ತಿತ್ತು. ಇದೂ ಅಂಥದ್ದೇ.

ಒಂದೇ ಮನೆಯ ಎರಡು ಫೋನುಗಳಲ್ಲಿ ಗುಂಡಿ ಬೇರೆ ಬೇರೆ ಯಾಕೆ?

ಕಂಪನಿಯ ಕಚೇರಿ ಗಾಜಿನ ಕಟ್ಟಡವೊಂದರ ಮೇಲಂತಸ್ತಿನಲ್ಲಿತ್ತು. ಆ್ಯಪಿನ ಹೊಣೆ ಹೊತ್ತಿದ್ದ ಗುರುರಾಜ ಅವಳನ್ನು ಮೀಟಿಂಗ್ ಕೋಣೆಗೆ ಕರೆದೊಯ್ದ. ನಲವತ್ತು ದಾಟಿದ, ಇಸ್ತ್ರಿ ಮುದುಡದ ಮನುಷ್ಯ. ಕನ್ನಡದವಳೆಂದು ತಿಳಿದು ನಗಲು ನೋಡಿದ. ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ.

"ನಾವು ಬರೆದು ತಿಳಿಸಿದೀವಲ್ಲ ಮೇಡಂ. ಕೋರಿಕೆ ಗ್ರಾಹಕರ ಫೋನಿನಿಂದಲೇ ರದ್ದಾಗಿದೆ. ನಮ್ಮ ಕಡೆ ಏನೂ ತಪ್ಪಿಲ್ಲ."

"ಆ್ಯಪಿನ ಈ ಪರದೆಯನ್ನ ಮಾಡಿದವರು ಯಾರು? ಅವರನ್ನ ಕರೀರಿ."

"ಅದರ ಅಗತ್ಯ..."

"ಇದೆ. ಇಲ್ಲಿ ಆಗಲ್ಲ ಅಂದ್ರೆ ಪೊಲೀಸ್ ಠಾಣೇಲಿ ಕರೆಸೋಣ. ಎಲ್ಲಿ ಬೇಕು ಹೇಳಿ."

ಧನುಷ್ ಬಂದ. ದಾವಣಗೆರೆಯ ಹುಡುಗ, ಕಣ್ಣಿನ ಕೆಳಗೆ ಕಪ್ಪು. ಧಾರಿಣಿ ಏನೂ ವಿವರಿಸದೆ ಅನಂತರಾಮರ ಫೋನನ್ನು ಅವನ ಮುಂದಿಟ್ಟು, ಗುಂಡಿಯನ್ನು ಎರಡು ಸಲ ತಟ್ಟಿದಳು.

ಮೂಲೆಯಲ್ಲಿ ಚಕ್ರ ಸುತ್ತಿ ಮಾಯವಾಯಿತು.

ಧನುಷ್ ಮುಂದಕ್ಕೆ ಬಾಗಿ ಫೋನನ್ನು ದಿಟ್ಟಿಸಿದ. "ಇದು... ಇದು ನಿಮಗೆ ಎಲ್ಲಿ ಸಿಕ್ತು?"

"ತೀರಿಕೊಂಡ ಒಬ್ಬ ಹಿರಿಯರ ಫೋನಲ್ಲಿ. ಅವರ ಹೆಂಡತಿಯ ಫೋನಲ್ಲಿ ಬೂದು ಮುಸುಕು ಬರತ್ತೆ. ಇದರಲ್ಲಿ ಯಾಕಿಲ್ಲ? ನನಗೆ ಅರ್ಥ ಆಗೋ ಹಾಗೆ ಹೇಳಿ."

ಅವನು ಕುರ್ಚಿ ಎಳೆದು ಕುಳಿತ. "ಫೋನಿನ ಸಿಸ್ಟಮ್ ಮಾಡೋರು ಇದ್ದಾರಲ್ಲ ಮೇಡಂ, ಅವರು ಆಗಾಗ ಕೆಲವು ಭಾಗಗಳನ್ನ ಹಳೇದಾಯ್ತು, ಇನ್ನು ಬಳಸಬೇಡಿ ಅಂತ ಗುರುತು ಹಾಕ್ತಾರೆ. ಡೆಪ್ರಿಕೇಟೆಡ್ ಅಂತೀವಿ. ಇವತ್ತು ನಡೆಯತ್ತೆ, ಮುಂದೆಯೂ ನಡೆಯತ್ತೆ ಅನ್ನೋ ಭರವಸೆ ಇಲ್ಲ. ಅವನ್ನ ಕಿತ್ತು ಹೊಸ ಭಾಗ ಕೂರಿಸಬೇಕು. ಆ ಬೂದು ಮುಸುಕು ಅಂಥದ್ದು. ಅದರ ಜಾಗಕ್ಕೆ ಈ ಚಕ್ರ ಹಾಕಿದ್ದು ನಾನೇ."

"ಅದರಲ್ಲಿ ತಪ್ಪೇನಾಯ್ತು?"

"ಹಳೇದು ಎರಡು ಕೆಲಸ ಮಾಡ್ತಿತ್ತು. ಕಾಯಿರಿ ಅಂತ ಹೇಳೋದು ಒಂದು. ಕೆಳಗಿರೋ ಗುಂಡಿಯನ್ನ ಮುಚ್ಚಿಕೊಂಡು ಕೂರೋದು ಇನ್ನೊಂದು. ಮೊದಲನೇದು ಎಲ್ಲರಿಗೂ ಕಾಣ್ತಿತ್ತು. ಎರಡನೇದು..." ಅವನು ಗುಂಡಿಯ ಕಡೆ ಬೆರಳು ತೋರಿಸಿದ. "ಅದನ್ನ ಯಾರೂ ಕೆಲಸ ಅಂತ ಎಣಿಸಿರಲಿಲ್ಲ ಮೇಡಂ. ನಾನೂ ಎಣಿಸಲಿಲ್ಲ. ಮುಸುಕು ತೆಗೆದ ಕೂಡಲೇ ಗುಂಡಿ ಬಯಲಿಗೆ ಬಿತ್ತು. ಕರೆ ಹೋಗ್ತಾ ಇರೋವಾಗ ಅದೇ ಗುಂಡಿ ರದ್ದು ಮಾಡೋ ಗುಂಡಿ ಆಗತ್ತೆ."

"ಅಂದ್ರೆ ನಿಮಗೆ ಗೊತ್ತಿತ್ತು."

"ಪರೀಕ್ಷೆ ಮಾಡಿದಾಗ ಗೊತ್ತಾಯ್ತು, ಅವತ್ತೇ ಸರಿ ಮಾಡಿದೆ. ಈಗ ಒಂದು ಸಲ ಒತ್ತಿದ್ರೆ ಕರೆ ಮುಗಿಯೋ ತನಕ ಗುಂಡಿಗೆ ಕಿವಿಯೇ ಇರಲ್ಲ. ಆದ್ರೆ..." ಧನುಷ್ ಫೋನನ್ನು ಎತ್ತಿ ತಿರುಗಿಸಿ ನೋಡಿದ. "ಇದು ಮೊದಲನೇ ಕರಡು ಮೇಡಂ. ಹೊಸ ಆ್ಯಪ್ ಇನ್ನೂ ಯಾವ ಗ್ರಾಹಕರಿಗೂ ಹೋಗೇ ಇಲ್ಲ. ಎಲ್ಲರ ಫೋನಲ್ಲೂ ಈಗಲೂ ಹಳೇದೇ ಇದೆ. ಈ ಕರಡು ಆಫೀಸಿನಿಂದ ಹೊರಗೆ ಹೋಗಿದ್ದೇ ಇಲ್ಲ."

ಧಾರಿಣಿ ಗುರುರಾಜನ ಕಡೆ ತಿರುಗಿದಳು. "ಕರೆ ರದ್ದಾದಾಗ ನಿಮ್ಮ ಸರ್ವರ್‌ನಲ್ಲಿ ಏನೇನು ದಾಖಲಾಗತ್ತೆ?"

"ಸಮಯ... ಫೋನ್ ನಂಬರ್..."

"ಆ್ಯಪ್ ಹಳೇದೋ ಹೊಸದೋ ಅನ್ನೋದು?"

ಗುರುರಾಜ ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿ ಅಂಚಿಗೆ ಜೋಡಿಸಿಟ್ಟ. ಮತ್ತೆ ಜೋಡಿಸಿದ.

"ನಾನು ಕೇಳಿದ್ದಕ್ಕೆ ಉತ್ತರ ಹೇಳಿ."

"ಅದೂ ದಾಖಲಾಗತ್ತೆ."

"ಅಂದ್ರೆ ಅನಂತರಾಮರ ಮನೆಯವರಿಗೆ ಉತ್ತರ ಬರೆಯೋವಾಗ ನಿಮಗೆ ಕಾಣಿಸಿತ್ತು. ಅವರ ಫೋನಲ್ಲಿ ಇದ್ದದ್ದು ಈ ಕರಡು ಅಂತ."

"ಸರ್?" ಧನುಷ್ ಫೋನನ್ನು ಮೇಜಿನ ಮೇಲಿಟ್ಟ. "ನಿಮಗೆ ಗೊತ್ತಿತ್ತಾ?"

ಗುರುರಾಜ ಅವನತ್ತ ನೋಡಲಿಲ್ಲ. "ಹೇಗೆ ಹೋಯ್ತು ಅಂತ ನಿಜವಾಗ್ಲೂ ಗೊತ್ತಿಲ್ಲ ಮೇಡಂ. ದಾಖಲೆ ನೋಡಿದಾಗ ಹೆದರಿಬಿಟ್ಟೆ. ಇದು ಹೊರಗೆ ಬಂದ್ರೆ ಆ್ಯಪನ್ನೇ ನಿಲ್ಲಿಸ್ತಾರೆ ಅಂದ್ಕೊಂಡೆ. ಸಾವಿರಾರು ಜನ ವಯಸ್ಸಾದವರು ಇದನ್ನೇ ನಂಬ್ಕೊಂಡಿದ್ದಾರೆ. ರದ್ದಾದದ್ದು ಅವರ ಫೋನಿಂದಲೇ ಅನ್ನೋದು ಸುಳ್ಳಲ್ಲವಲ್ಲ..."

"ಸುಳ್ಳಲ್ಲ. ನಿಮ್ಮ ಆ ಸುಳ್ಳಲ್ಲದ ಒಂದು ಸಾಲಿನಿಂದ ಒಬ್ಬ ಹೆಣ್ಣುಮಗಳು ತನ್ನ ಮನೆಯಲ್ಲೇ ಕೊಲೆಗಾರ್ತಿ ಆದಳು. ಅವಳ ಗಂಡ ಅವಳು ಬಡಿಸಿದ ಅನ್ನ ಮುಟ್ತಾ ಇಲ್ಲ. ಇದು ನಿಮಗೆ ಗೊತ್ತಿತ್ತಾ?"

ಗುರುರಾಜ ತಲೆ ತಗ್ಗಿಸಿದ.

ಧನುಷ್ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡಿದ್ದ. "ನಾನು ಬರೆದದ್ದೇ ಅವರನ್ನ ಕೊಂದಿದ್ದು," ಎಂದ.

"ಅದನ್ನ ಆಮೇಲೆ ತೀರ್ಮಾನಿಸೋಣ," ಎಂದಳು ಧಾರಿಣಿ. ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು. "ಮೊದಲು ಹೇಳಿ. ತಪ್ಪಿದೆ ಅಂತ ಗೊತ್ತಾಗಿದ್ದು ಹೇಗೆ? ಪರೀಕ್ಷೆ ಮಾಡಿದವರು ಯಾರು?"

"ಪ್ರೇರಣಾ ಮೇಡಂ. ಕೆಲವು ಹಿರಿಯ ಗ್ರಾಹಕರನ್ನ ಆಫೀಸಿಗೆ ಕರೆಸಿ, ಅವರ ಫೋನಲ್ಲೇ ಕರಡು ಹಾಕಿ..." ಅವನು ಥಟ್ಟನೆ ತಲೆಯೆತ್ತಿದ.

"ಅವರ ಫೋನಲ್ಲೇ?"

"ಹೂಂ. ಹೋಗೋ ಮುಂಚೆ ಅದನ್ನ ತೆಗೆದು ಮತ್ತೆ ಹಳೇದನ್ನೇ ಹಾಕಿ ಕಳಿಸ್ತೀವಿ. ಪ್ರತಿಯೊಬ್ಬರದ್ದೂ ವಿಡಿಯೋ ಇರತ್ತೆ. ಮುಖ ಹಿಡಿಯೋ ಹಾಗಿಲ್ಲ, ಬರೀ ಕೈ, ಫೋನು. ನನಗೆ ಈ ತಪ್ಪು ಗೊತ್ತಾಗಿದ್ದೂ ಅಂಥ ಒಂದು ವಿಡಿಯೋದಿಂದಲೇ. ಯಾರೋ ಒಬ್ಬ ತಾತನ ಕೈ. ಹೆಸರು ನಾನು ಕೇಳಲೇ ಇಲ್ಲ."

"ಹಾಕಿ ಅದನ್ನ."

ಧನುಷ್ ಲ್ಯಾಪ್‌ಟಾಪ್ ತೆರೆದು ಹುಡುಕಿದ. ಪರದೆಯ ಮೇಲೆ ಬಿಳಿ ಮೇಜು, ಒಂದು ಫೋನು, ಉದ್ದ ತೋಳಿನ ಸ್ವೆಟರಿನಿಂದ ಹೊರಬಂದ ಮುದಿಗೈ ಕಾಣಿಸಿದವು. ಆ ಕೈ ನಡುಗುತ್ತಿತ್ತು. ಬೆಳಿಗ್ಗೆ ಜನಕಪುರಿಯಲ್ಲಿ ಸೀತಮ್ಮ ತೋರಿಸಿದ್ದರಲ್ಲ, ಅದೇ ನಡುಕ. ಒಂಚೂರೂ ಹೆಚ್ಚುಕಡಿಮೆ ಇರಲಿಲ್ಲ.

"ಈಗ ಒತ್ತಿ ಅಂಕಲ್," ಎಂಬ ಹೆಣ್ಣುದನಿ.

ಬೆರಳು ತಾಕಿ, ಪುಟಿದು, ಮತ್ತೆ ತಾಕಿತು.

"ಹೋಯ್ತೋ ಇಲ್ವೋ ತಿಳೀಲಿಲ್ವಲ್ಲಮ್ಮ." ದಣಿದ, ಸಂಕೋಚದ ದನಿ. ಧಾರಿಣಿ ಅನಂತರಾಮರನ್ನು ಫೋಟೋದಲ್ಲಿ ಮಾತ್ರ ಕಂಡಿದ್ದಳು. ಅವರ ದನಿಯನ್ನು ಈಗ ಮೊದಲ ಸಲ ಕೇಳುತ್ತಿದ್ದಳು. "ನನ್ನ ಕೈದೇ ತಪ್ಪು ಬಿಡು. ಇದು ಹೇಳಿದ ಮಾತು ಕೇಳಲ್ಲ."

"ಅಯ್ಯೋ, ಇಲ್ಲ ಅಂಕಲ್. ತಪ್ಪು ನಮ್ಮ ಗುಂಡೀದು. ನೀವು ಬಂದಿದ್ದಕ್ಕೆ ಗೊತ್ತಾಯ್ತು ನೋಡಿ. ಸರಿ ಮಾಡ್ತೀವಿ."

"ಹಾಗಾದ್ರೆ ಬಂದಿದ್ದು ಸಾರ್ಥಕ ಆಯ್ತು," ಎಂದು ನಕ್ಕರು ಅನಂತರಾಮರು.

ಧನುಷ್ ಕಣ್ಣೊರೆಸಿಕೊಂಡ. ಇನ್ನು ಮುಂದೆ ಎಷ್ಟೋ ನಡುಗುವ ಕೈಗಳಿಗೆ ಆ ಕೈ ದಾರಿ ಮಾಡಿಕೊಟ್ಟಿತ್ತು. ಅನಂತರಾಮರಿಗೆ ಮಾತ್ರ ಆ ದಾರಿ ಸಿಗಲಿಲ್ಲ.

ವಿಡಿಯೋ ಇನ್ನೂ ಮುಗಿದಿರಲಿಲ್ಲ.

"ಫೋನ್ ಕೊಡಿ ಅಂಕಲ್, ಹಳೇದನ್ನೇ ಹಾಕಿಕೊಡ್ತೀನಿ," ಎಂದಳು ಪ್ರೇರಣಾ.

"ಬೇಡ ಬಿಡಿ. ಟ್ರಾಫಿಕ್ ಶುರುವಾಗತ್ತೆ, ಹೊರಡಬೇಕು. ಮನೇಲಿ ನಾನೇ ಹಾಕ್ತೀನಿ." ಚಿತ್ರದ ಆಚೆಯಿಂದ ಬಂದ ಗಂಡುದನಿ.

"ಮರೀಬೇಡಿ, ಪ್ಲೀಸ್. ಇದರಲ್ಲಿ ಎರಡು ಸಲ ತಾಕಿದ್ರೆ ಕರೆ ರದ್ದಾಗತ್ತೆ. ನೋಡಿದ್ರಲ್ಲ?"

"ನೋಡಿದೆ."

ಧಾರಿಣಿ ಪರದೆಯ ಹತ್ತಿರಕ್ಕೆ ಬಾಗಿದಳು. "ಆ ಕೊನೇದು ಇನ್ನೊಂದು ಸಲ ಹಾಕಿ," ಎಂದಳು.

ಎರಡನೆಯ ಸಲ ಕೇಳುವ ಅಗತ್ಯ ಅವಳಿಗೆ ಇರಲಿಲ್ಲ. ಅದು ಸುದರ್ಶನ್‌ನ ದನಿ. ಗುಂಡಿಯ ದೋಷವನ್ನು ಅವನು ಕಣ್ಣಾರೆ ಕಂಡಿದ್ದ. ಎಚ್ಚರಿಕೆಯನ್ನು ಕಿವಿಯಾರೆ ಕೇಳಿದ್ದ. ತಂದೆ ಸತ್ತ ದಿನದಿಂದ ಇವತ್ತು ಬೆಳಿಗ್ಗೆಯವರೆಗೆ ಅದನ್ನು ಬಾಯಿಬಿಡದೆ, ಹೆಂಡತಿಯ ಕಡೆಗೆ ಬೆರಳು ತೋರಿಸುತ್ತಾ ಬಂದಿದ್ದ.

ಮರೆತಿದ್ದನೇ? ಮರೆತು, ಆ ಭಾರ ತಡೆಯಲಾರದೆ ಅವಳ ತಲೆಗೆ ಕಟ್ಟಿದನೇ? ಮನುಷ್ಯರು ಹಾಗೂ ಮಾಡುತ್ತಾರೆ. ಧಾರಿಣಿ ಅಂಥವರನ್ನು ಬೇಕಾದಷ್ಟು ಕಂಡಿದ್ದಳು. ಅಥವಾ ಅವನು ಮರೆತಿರಲೇ ಇಲ್ಲವೇ?

ಅವಳು ಹರಿಣಿಗೆ ಫೋನ್ ಮಾಡಿದಳು.

"ಸುದರ್ಶನ್ ಮನೇಲಿದ್ದಾರಾ?"

"ಇಲ್ಲ ಮೇಡಂ. ನೀವು ಹೋದ ಮೇಲೆ ಅಮ್ಮ ಅವರನ್ನ ರೂಮಿಗೆ ಕರೆದು ಬಾಗಿಲು ಹಾಕ್ಕೊಂಡು ಏನೋ ಮಾತಾಡಿದ್ರು. ಏನು ಅಂತ ಕೇಳಿಸಲಿಲ್ಲ. ಆಮೇಲೆ ಇವರು, ಅಮ್ಮನ್ನ ರೋಹಿಣಿ ಬಡಾವಣೇಲಿರೋ ಚಿಕ್ಕಪ್ಪನ ಮನೆಗೆ ಬಿಟ್ಟು ಬರ್ತೀನಿ ಅಂತ ಕಾರಲ್ಲಿ ಕರ್ಕೊಂಡು ಹೋದ್ರು. ಅಮ್ಮ ಚಪ್ಪಲೀನೂ ಸರಿಯಾಗಿ ಹಾಕ್ಕೊಂಡಿರಲಿಲ್ಲ." ಹರಿಣಿಯ ದನಿ ತಗ್ಗಿತು. "ಏನಾಯ್ತು ಮೇಡಂ?"

ಧಾರಿಣಿ ಉತ್ತರಿಸುವ ಮೊದಲೇ ಗಾಜಿನ ಗೋಡೆಯಾಚೆ ಗಂಟೆಯಂಥ ಶಬ್ದವಾಯಿತು. ಆಚೆಗಿನ ಹಜಾರದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿದ ಹುಡುಗಿಯರ ಸಾಲು ಕುಳಿತಿತ್ತು. ಸಹಾಯದ ಕೋರಿಕೆಗಳು ಬಂದು ಬೀಳುವುದು ಅಲ್ಲಿಗೇ. ತುದಿಯ ಹುಡುಗಿಯ ಪರದೆ ಕೆಂಪಾಗಿತ್ತು. ಧನುಷ್ ಗಾಜಿನ ಮೂಲಕ ಓದಿ ಎದ್ದು ನಿಂತ.

"ಸೀತಮ್ಮ ಅಂತಿದೆ. ಜನಕಪುರಿ."

ಅವರು ಮೂವರೂ ಅಲ್ಲಿಗೆ ಓಡಿದರು. ಪರದೆಯ ನಕ್ಷೆಯ ಮೇಲೆ ನೀಲಿ ಚುಕ್ಕೆಯೊಂದು ಪೀರಾಗಢಿ ದಾಟಿ ಹೊರವರ್ತುಲ ರಸ್ತೆಯಲ್ಲಿ ಸರಿಯುತ್ತಿತ್ತು. ಹುಡುಗಿ ಆಗಲೇ ಕರೆ ಮಾಡಿದ್ದಳು.

"ಸ್ಪೀಕರ್‌ಗೆ ಹಾಕಿ," ಎಂದು ಧಾರಿಣಿ ಹಿಂದಿಯಲ್ಲಿ ಕೇಳಿಕೊಂಡಳು.

ರಿಂಗಾಯಿತು. ಮತ್ತೆ ರಿಂಗಾಯಿತು. ಯಾರೋ ಎತ್ತಿದರು.

"ಮಾತಾಜೀ, ಆಪ್ ಠೀಕ್ ಹೈಂ?"

"ಗಲ್ತೀ ಸೇ ದಬ್ ಗಯಾ," ಎಂದ ಸುದರ್ಶನ್. ತಪ್ಪಿ ಒತ್ತಿಬಿಟ್ಟರು, ಅಷ್ಟೆ. ದನಿ ಸಮಾಧಾನವಾಗಿತ್ತು. "ಸಬ್ ಠೀಕ್ ಹೈ. ಮಾ ಸೋ ರಹೀ ಹೈಂ."

ಅಮ್ಮ ಮಲಗಿದ್ದಾರಂತೆ. ಹುಡುಗಿ ಕೋರಿಕೆಯನ್ನು ಮುಚ್ಚಲು ಕೈ ಚಾಚಿದಳು. ಧಾರಿಣಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಕೆಂದರೆ ಅವನ ದನಿಯ ಹಿಂದೆ, ಎಂಜಿನ್ನಿನ ಸದ್ದಿನ ನಡುವೆ ಇನ್ನೊಂದು ದನಿಯಿತ್ತು. ಹುಡುಗಿಗೆ ಅದು ಯಾವುದೋ ಮುದುಕಿಯ ಗೊಣಗಾಟ. ಅವಳ ಬೆನ್ನ ಹಿಂದೆ ನಿಂತಿದ್ದ ಮೂವರಿಗೆ ಒಂದೊಂದು ಅಕ್ಷರವೂ ತಿಳಿಯಿತು.

"ಗಾಡಿ ನಿಲ್ಸೋ. ಅವತ್ತು ನೀನು ಆಫೀಸಿಗೆ ಹೋಗಿರಲಿಲ್ಲ, ದೇವಸ್ಥಾನದಿಂದ ಬರೋವಾಗ ಗೇಟಿನ ಹತ್ರ ನಿನ್ನ ಕಾರು ನೋಡಿದ್ದೆ. ನಿಮ್ಮಪ್ಪ ಬಿದ್ದಾಗ ನೀನು ಬಾಗಿಲಲ್ಲೇ..."

ಕರೆ ಕಡಿಯಿತು.

"ಮಾತಾಜೀ ಕ್ಯಾ ಬೋಲ್ ರಹೀ ಥೀಂ?" ಅಮ್ಮ ಏನು ಹೇಳುತ್ತಿದ್ದರು ಎಂದು ಹುಡುಗಿ ತಿರುಗಿ ಕೇಳಿದಳು.

ಪರದೆಯ ಮೇಲೆ ನೀಲಿ ಚುಕ್ಕೆ ರೋಹಿಣಿಯ ತಿರುವನ್ನು ಬಿಟ್ಟು ನೇರ ಮುಂದಕ್ಕೆ ಹೋಯಿತು.